ಬೆಳಕಿನ ಶಾಸನ: ತಾರಾಗುಚ್ಛಗಳ ಹವ್ಯಾಸಿ ಫಿಲ್ಮು ಛಾಯಾಗ್ರಹಣ ಮತ್ತು ಮಂಡ್ಯ ಸೀಮೆಯ ಆಕಾಶ

1

ಕನ್ನಡದಲ್ಲಿ ಛಾಯಾಚಿತ್ರ ವಿಮರ್ಶೆ ಇನ್ನೂ ತನ್ನದೇ ಆದ ಪರಿಭಾಷೆಯನ್ನೂ ಮಾನದಂಡಗಳನ್ನೂ ಪೂರ್ಣವಾಗಿ ಕಟ್ಟಿಕೊಂಡಿಲ್ಲ. ಇರುವಷ್ಟು ಚರ್ಚೆಯೂ ಭಾವಚಿತ್ರ, ನಿಸರ್ಗ ದೃಶ್ಯ ಮತ್ತು ವನ್ಯಜೀವಿ ಛಾಯಾಗ್ರಹಣಗಳ ಸುತ್ತ ನಿಂತಿದೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಮೊದಲಾದವರ ಸಾಧನೆಯಿಂದಾಗಿ ವನ್ಯಜೀವಿ ಚಿತ್ರಗಳನ್ನು ನೋಡುವ ಒಂದು ಕಣ್ಣು ಈ ನಾಡಿನಲ್ಲಿ ರೂಪುಗೊಂಡಿತು. ಆದರೆ ಅದೇ ಫಿಲ್ಮಿನ ಕಾಲದಲ್ಲಿ ಜಗತ್ತಿನ ಹಲವೆಡೆ ಹವ್ಯಾಸಿಗಳು ಕೈಗೊಂಡ ಇನ್ನೊಂದು ಕೆಲಸ, ಅಂದರೆ ರಾತ್ರಿಯಾಕಾಶದ ತಾರಾಗುಚ್ಛಗಳನ್ನು ಫಿಲ್ಮಿನ ಮೇಲೆ ಹಿಡಿಯುವ ಕೆಲಸ, ನಮ್ಮ ವಿಮರ್ಶೆಯ ಪರಿಧಿಯೊಳಗೆ ಬಂದಿಲ್ಲ. ಆ ಬಗೆಯ ಚಿತ್ರವನ್ನು ಯಾವ ನೆಲೆಯಿಂದ ಓದಬೇಕು, ಯಾವುದರಿಂದ ಬೆಲೆ ಕಟ್ಟಬೇಕು ಎಂಬ ಪ್ರಶ್ನೆಯನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ಆಕಾಶವನ್ನು ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸದ್ಯ ಬಳಕೆಯಲ್ಲಿರುವ ಮಾನದಂಡಗಳು ಎರಡು. ಮೊದಲನೆಯದು ಪ್ರದರ್ಶನ ಸಭಾಂಗಣದ್ದು: ಚಿತ್ರದ ಸಂಯೋಜನೆ, ನೆರಳು ಬೆಳಕಿನ ಹದ, ನೋಡುಗನ ಮೇಲೆ ಅದು ಮಾಡುವ ಪರಿಣಾಮ. ಈ ಅಳತೆಗೆ ತಾರಾಗುಚ್ಛದ ಚಿತ್ರ ನಿಲುಕುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಚೆದುರಿದ ಬಿಳಿ ಚುಕ್ಕೆಗಳನ್ನು ಛಾಯಾಗ್ರಾಹಕ ಬೇಕಾದಂತೆ ಜೋಡಿಸಲಾರ. ಎರಡನೆಯದು ವೃತ್ತಿಪರ ಖಗೋಳವಿಜ್ಞಾನದ್ದು: ಈ ಚಿತ್ರದಿಂದ ಹೊಸ ಅರಿವು ದೊರೆಯಿತೇ? ಈ ಅಳತೆಯಲ್ಲಿಯೂ ಹವ್ಯಾಸಿಯ ಚಿತ್ರ ಬಹುಪಾಲು ಸೋಲುತ್ತದೆ. ದೊಡ್ಡ ದೂರದರ್ಶಕಗಳು ಅದನ್ನು ಬಹಳ ಹಿಂದೆಯೇ ಮೀರಿವೆ. ಹೀಗೆ ಕಲೆಯೂ ಅಲ್ಲದ, ವಿಜ್ಞಾನವೂ ಅಲ್ಲದ ವಸ್ತುವಾಗಿ ಅದು ಮನೆಗಳ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಈ ಎರಡೂ ಮಾನದಂಡಗಳು ಅನುಚಿತವೆಂದೂ, ಕರ್ನಾಟಕದ ವಿದ್ವತ್ತಿಗೆ ಚೆನ್ನಾಗಿ ಪರಿಚಿತವಾದ ಮೂರನೆಯ ಒಂದು ಕ್ರಮ, ಶಾಸನಾಧ್ಯಯನದ ಕ್ರಮ, ಇಲ್ಲಿ ಹೆಚ್ಚು ಸಮರ್ಪಕವೆಂದೂ ಈ ಲೇಖನ ವಾದಿಸುತ್ತದೆ.

2

ಮಂಡ್ಯ ಸೀಮೆಯ ಬೇಸಾಯಗಾರನಿಗೆ ತಾರಾಗುಚ್ಛ ಹೊಸ ಪದವಿರಬಹುದು, ವಸ್ತು ಹೊಸದಲ್ಲ. ಕೃತ್ತಿಕೆ ಎಂಬುದು ಒಂದು ತಾರಾಗುಚ್ಛ. ರೋಹಿಣಿಯ ಸುತ್ತ ಹರಡಿರುವುದು ಇನ್ನೊಂದು. ಪುಷ್ಯ ನಕ್ಷತ್ರವೆಂದು ಗುರುತಿಸುವ ಕರ್ಕಾಟಕದ ತಾರೆಗಳ ನಡುವೆ ಮಸುಕಾಗಿ ಕಾಣುವ ಬಿಳಿ ತೇಪೆ ಮತ್ತೊಂದು. ಮೂಲಾ ನಕ್ಷತ್ರವಿರುವ ವೃಶ್ಚಿಕದ ಬಾಲದ ಹತ್ತಿರ ಬರಿಗಣ್ಣಿಗೇ ತೋರುವ ಗುಚ್ಛವೊಂದಿದೆ. ಖಗೋಳಜ್ಞರ ಪಟ್ಟಿಯಲ್ಲಿ ಅದರ ಹೆಸರು ಮೆಸ್ಸಿಯೆ 7. ಇಪ್ಪತ್ತೇಳು ನಕ್ಷತ್ರಗಳ ಪಂಚಾಂಗ ವ್ಯವಸ್ಥೆಯಲ್ಲಿ ಇವು ಒಂದಲ್ಲ ಒಂದು ರೀತಿಯಲ್ಲಿ ಸೇರಿಕೊಂಡಿವೆ. ಕನ್ನಡದಲ್ಲಿ ಜಿ.ಟಿ. ನಾರಾಯಣರಾಯರ (1926–2008) ‘ನಕ್ಷತ್ರ ವೀಕ್ಷಣೆ’ಯಂತಹ ಕೃತಿಗಳು ಈ ಹೆಸರುಗಳನ್ನು ಪಂಚಾಂಗದಿಂದ ಬಿಡಿಸಿ ಮತ್ತೆ ಆಕಾಶದಲ್ಲಿ ಗುರುತಿಸುವಂತೆ ಓದುಗರನ್ನು ಅಣಿಗೊಳಿಸಿದವು.

ಆದರೆ ಪಂಚಾಂಗದ ಕೃತ್ತಿಕೆಗೂ ಕಣ್ಣಿನ ಕೃತ್ತಿಕೆಗೂ ನಡುವೆ ಒಂದು ಅಂತರವಿದೆ. ಛಾಯಾಚಿತ್ರದ ಮಹತ್ವ ಆರಂಭವಾಗುವುದು ಈ ಅಂತರದಲ್ಲಿ. ರೈತರು ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದ ಕರೆಯುತ್ತಾರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಸುಮಾರು 13–14 ದಿನ ಇರುವುದೇ ಈ ಗಣನೆಯ ಆಧಾರ. ಮೇ ತಿಂಗಳ ಎರಡನೆಯ ವಾರದಲ್ಲಿ ಸೂರ್ಯ ಕೃತ್ತಿಕೆಯನ್ನು ಪ್ರವೇಶಿಸುತ್ತಾನೆ, ಕೃತ್ತಿಕೆ ಮಳೆ ಹುಟ್ಟುತ್ತದೆ. ಸೂರ್ಯ ಅಲ್ಲಿರುವುದರಿಂದಲೇ ಆ ದಿನಗಳಲ್ಲಿ ಕೃತ್ತಿಕೆ ಯಾರಿಗೂ ಕಾಣುವುದಿಲ್ಲ. ಅದು ಹಗಲಿನಲ್ಲಿ ಸೂರ್ಯನೊಂದಿಗೇ ಹುಟ್ಟಿ ಸೂರ್ಯನೊಂದಿಗೇ ಮುಳುಗುತ್ತದೆ. ಅಂದರೆ ಹೊಲದಲ್ಲಿ ನಿಂತವನು ಯಾವ ಹದಿನೈದು ದಿನ ಕೃತ್ತಿಕೆಯ ಹೆಸರನ್ನು ಹೆಚ್ಚು ಆಡುತ್ತಾನೋ ಆ ಹದಿನೈದು ದಿನ ಕೃತ್ತಿಕೆ ಅದೃಶ್ಯ. ಮಳೆಯ ಕೃತ್ತಿಕೆ ಗಣಿತದ್ದು, ಸ್ಮೃತಿಯದು, ನೋಟದ್ದಲ್ಲ.

ಕಾರ್ತಿಕ ಮಾಸದ ಸಂಗತಿಯೂ ಇಷ್ಟೇ ಕುತೂಹಲಕರ. ಪೂರ್ಣಚಂದ್ರ ಕೃತ್ತಿಕೆಯ ಬಳಿ ಇರುವ ತಿಂಗಳಾದ್ದರಿಂದ ಅದಕ್ಕೆ ಆ ಹೆಸರು. ಕೃತ್ತಿಕೆ ಇಡೀ ರಾತ್ರಿ ಆಕಾಶದಲ್ಲಿರುವ ಕಾಲವೂ ಅದೇ. ಆದರೆ ಮಾಸಕ್ಕೆ ಹೆಸರು ಕೊಟ್ಟ ಹುಣ್ಣಿಮೆಯ ರಾತ್ರಿಯೇ ಚಂದ್ರನ ಬೆಳಕಿನಲ್ಲಿ ಗುಚ್ಛದ ಮಂದ ತಾರೆಗಳು ಅಳಿಸಿಹೋಗುತ್ತವೆ. ಛಾಯಾಗ್ರಾಹಕನಿಗೆ ಬೇಕಾದುದು ಅಮಾವಾಸ್ಯೆಯ ಆಸುಪಾಸು. ಅದರಲ್ಲಿಯೂ ಹಬ್ಬದ ದೀಪ ಮತ್ತು ಹೊಗೆ ತಗ್ಗಿದ ಮಾರ್ಗಶಿರ, ಪುಷ್ಯ ಮಾಸಗಳ ಅಮಾವಾಸ್ಯೆ. ಹೀಗೆ ಹವ್ಯಾಸಿಯ ಪಂಚಾಂಗ ರೂಢಿಯ ಪಂಚಾಂಗದ ಅಂಕಿಗಳನ್ನೇ ಬಳಸಿ ಅದರ ಶುಭದಿನಗಳನ್ನು ತಿರುವುಮುರುವು ಮಾಡುತ್ತದೆ. ಕೃತ್ತಿಕೆಯ ಫಿಲ್ಮು ಚಿತ್ರ ಜನಪದ ಜ್ಞಾನಕ್ಕೆ ಎದುರಾದುದಲ್ಲ. ಆ ಜ್ಞಾನ ಹೆಸರಿಸಿ ಬಿಟ್ಟ ವಸ್ತುವನ್ನು ನೋಟಕ್ಕೆ ಮರಳಿಸುವ ಕ್ರಿಯೆ ಅದು. ಆರು ಮಂದಿ ಮಾತೃಕೆಯರೆಂದು ಎಣಿಸಿದ ಕಡೆ ಕೆಲವೇ ನಿಮಿಷಗಳ ಎಕ್ಸ್‌ಪೋಷರ್ ಹತ್ತಾರು ತಾರೆಗಳನ್ನು ಕಾಣಿಸುತ್ತದೆ. ಗುಚ್ಛದ ಒಟ್ಟು ಸದಸ್ಯರ ಸಂಖ್ಯೆ ಸಾವಿರವನ್ನು ಮೀರುತ್ತದೆ.

3

ಯಾವ ಚಿತ್ರವೂ ಒಂದು ನೆಲೆಯಿಂದ ತೆಗೆದದ್ದೇ. ತಾರೆಗಳ ಚಿತ್ರಕ್ಕೆ ನೆಲ ಗೌಣವೆಂಬ ಭಾವನೆ ಇದೆ, ಅದು ಸರಿಯಲ್ಲ. ಮಂಡ್ಯದ ಅಕ್ಷಾಂಶ ಉತ್ತರ 12 ಡಿಗ್ರಿ 31 ಮಿನಿಟು, ಮದ್ದೂರಿನದು ಸುಮಾರು 12 ಡಿಗ್ರಿ 35 ಮಿನಿಟು, ಮಳವಳ್ಳಿಯದು ಸುಮಾರು 12 ಡಿಗ್ರಿ 23 ಮಿನಿಟು. ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿ ಎಂ.ಕೆ. ವೇಣು ಬಾಪು (1927–1982) ಅವರು 1960ರ ದಶಕದಲ್ಲಿ ಆಯ್ದು ಕಟ್ಟಿದ ಕಾವಲೂರು ವೀಕ್ಷಣಾಲಯದ ಅಕ್ಷಾಂಶವೂ 12 ಡಿಗ್ರಿ 34 ಮಿನಿಟು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅಧೀನದಲ್ಲಿರುವ, 1986ರಿಂದ 2.34 ಮೀಟರ್ ವ್ಯಾಸದ ದೂರದರ್ಶಕವನ್ನು ಹೊಂದಿರುವ ಆ ವೀಕ್ಷಣಾಲಯದ ನೆತ್ತಿಯ ಮೇಲೆ ಹಾಯುವ ತಾರೆಗಳೇ ಮದ್ದೂರಿನ ನೆತ್ತಿಯ ಮೇಲೂ ಹಾಯುತ್ತವೆ. ಕಾವಲೂರಿಗೆ ಎತ್ತರವೂ ಕತ್ತಲೆಯೂ ಹೆಚ್ಚು ಎಂಬುದು ನಿಜ. ಆದರೆ ಆಕಾಶದ ಪಾಲಿನಲ್ಲಿ ಎರಡು ಊರುಗಳೂ ಸಮಾನ ಹಕ್ಕುದಾರರು.

ಈ ಅಕ್ಷಾಂಶದ ಲಾಭ ದೊಡ್ಡದು. ಕೃತ್ತಿಕೆ ಇಲ್ಲಿ ನೆತ್ತಿಯಿಂದ ಕೇವಲ 12 ಡಿಗ್ರಿ ಉತ್ತರಕ್ಕೆ ಹಾಯುತ್ತದೆ. ದಕ್ಷಿಣದ ಗುಚ್ಛಗಳೂ ಕೈಗೆಟುಕುತ್ತವೆ. ವೃಶ್ಚಿಕದ ಬಾಲದ ಮೆಸ್ಸಿಯೆ 7 ಇಲ್ಲಿ ದಿಗಂತದಿಂದ ಸುಮಾರು 43 ಡಿಗ್ರಿ ಏರುತ್ತದೆ. ಲಂಡನ್ನಿನಲ್ಲಿ ಅದು ದಿಗಂತವನ್ನು ಬಿಟ್ಟು ಮೇಲೇಳುವುದು 4 ಡಿಗ್ರಿಯಷ್ಟೂ ಇಲ್ಲ. ಸುಮಾರು 17,000 ಜ್ಯೋತಿರ್ವರ್ಷ ದೂರದ ಗೋಳಾಕಾರದ ಮಹಾಗುಚ್ಛ ಒಮೇಗಾ ಸೆಂಟಾರಿ ಲಂಡನ್ನಿಗೆ ಹುಟ್ಟುವುದೇ ಇಲ್ಲ. ಮಳವಳ್ಳಿಯಲ್ಲಿ ಏಪ್ರಿಲ್ ತಿಂಗಳ ನಡುರಾತ್ರಿ ಅದು ದಕ್ಷಿಣದಲ್ಲಿ 30 ಡಿಗ್ರಿ ಎತ್ತರಕ್ಕೆ ಬರುತ್ತದೆ. ಆ ದಿಕ್ಕಿನಲ್ಲಿ ಇರುವುದು ಬಿಳಿಗಿರಿರಂಗನ ಬೆಟ್ಟಸಾಲು, ದೊಡ್ಡ ನಗರವಲ್ಲ. ಹೀಗಿದ್ದೂ ಹವ್ಯಾಸಿ ಛಾಯಾಗ್ರಹಣದ ಕೈಪಿಡಿಗಳು ಬಹುಮಟ್ಟಿಗೆ 40–50 ಡಿಗ್ರಿ ಉತ್ತರದ ಓದುಗನನ್ನು ಕಣ್ಣಮುಂದಿಟ್ಟುಕೊಂಡು ಬರೆದಂಥವು. ಅವುಗಳ ಆಯ್ಕೆಯನ್ನು ಹಾಗೆಯೇ ಅನುಸರಿಸಿದರೆ ನಮ್ಮ ಆಕಾಶದ ದಕ್ಷಿಣಾರ್ಧ ಚಿತ್ರವಾಗದೆ ಉಳಿಯುತ್ತದೆ. ಈ ಪರಾಧೀನತೆ ಬರಿಯ ತಾಂತ್ರಿಕ ಸಂಗತಿಯಲ್ಲ, ನೋಟಕ್ರಮದ ಪ್ರಶ್ನೆ.

ತೊಡಕುಗಳೂ ಇವೆ. ಭೂಮಿಯ ಭ್ರಮಣದಿಂದ ತಾರೆಗಳು ಸೆಕೆಂಡಿಗೆ ಸುಮಾರು 15 ವಿಕಲೆಯಷ್ಟು ಸರಿಯುವುದರಿಂದ ಕ್ಯಾಮೆರಾವನ್ನು ಅವುಗಳೊಡನೆ ತಿರುಗಿಸಬೇಕು. 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಜಿ.ವೈ. ಹೇಗ್ ಪ್ರಚಾರಕ್ಕೆ ತಂದ ಸರಳ ಸಾಧನ ಇದಕ್ಕೆ ಸಾಕು: ಬಿಜಾಗರಿಯಿಂದ ಜೋಡಿಸಿದ ಎರಡು ಮರದ ಹಲಗೆ, ನಡುವೆ ಒಂದು ಉದ್ದನೆಯ ಸ್ಕ್ರೂ. ಒಂದು ಮಿಲಿಮೀಟರ್ ಅಂತರದ ಮರೆಯುಳ್ಳ ಸ್ಕ್ರೂವನ್ನು ಬಿಜಾಗರಿಯಿಂದ ಸುಮಾರು 229 ಮಿಲಿಮೀಟರ್ ದೂರದಲ್ಲಿಟ್ಟು ನಿಮಿಷಕ್ಕೊಂದು ಸುತ್ತಿನಂತೆ ಕೈಯಿಂದ ತಿರುಗಿಸಿದರೆ ಮೇಲಿನ ಹಲಗೆ ಆಕಾಶದ ವೇಗದಲ್ಲಿ ತೆರೆಯುತ್ತದೆ. ಊರಿನ ಬಡಗಿ ಮಾಡಿಕೊಡಬಹುದಾದ ಉಪಕರಣವಿದು. ಆದರೆ ಬಿಜಾಗರಿಯ ಅಕ್ಷ ಧ್ರುವನ ಕಡೆಗಿರಬೇಕು. ನಮ್ಮಲ್ಲಿ ಧ್ರುವ ಇರುವುದು ದಿಗಂತದಿಂದ 12 ಡಿಗ್ರಿ ಮೇಲೆ, ಬಹುಪಾಲು ತೆಂಗಿನ ತೋಟದ ಮರೆಯಲ್ಲಿ ಅಥವಾ ಮಬ್ಬಿನೊಳಗೆ. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆ ಬಯಲಿನಲ್ಲಿ ಚಳಿಗಾಲದ ಇಬ್ಬನಿ ಮಸೂರದ ಮೇಲೆ ಕೂರುತ್ತದೆ. ಕಬ್ಬಿನ ತರಗು ಸುಡುವ ಮತ್ತು ಆಲೆಮನೆಗಳು ಉರಿಯುವ ತಿಂಗಳುಗಳಲ್ಲಿ ಹೊಗೆ ಪದರವಾಗಿ ನಿಲ್ಲುತ್ತದೆ. ಇಂತಹ ಬಯಲಿನಲ್ಲಿ ತೆಗೆದ ನೆಗೆಟಿವ್‌ನಲ್ಲಿ ತಾರೆಯ ಸುತ್ತ ಮಂದವಾದ ಬಳೆ ಕಂಡರೆ ಅದನ್ನು ದೋಷವೆಂದು ತಳ್ಳಿಹಾಕುವ ಮುನ್ನ ಆ ಊರಿನ ನೀರು, ಬೆಳೆ, ಹೊಗೆಗಳ ಗುರುತೆಂದು ಓದಲು ಸಾಧ್ಯವಿದೆ.

4

ಫಿಲ್ಮಿನ ಸ್ವಭಾವವನ್ನು ತಿಳಿಯದೆ ಫಿಲ್ಮು ಚಿತ್ರದ ವಿಮರ್ಶೆ ಸಾಧ್ಯವಿಲ್ಲ. ಮೊದಲು ಅಳತೆಯ ಮಾತು. ಕೃತ್ತಿಕೆಯ ಪ್ರಮುಖ ತಾರೆಗಳು ಆಕಾಶದಲ್ಲಿ ಸುಮಾರು ಒಂದು ಡಿಗ್ರಿ ವಿಸ್ತಾರದಲ್ಲಿವೆ. ಸಾಮಾನ್ಯ ಕ್ಯಾಮೆರಾದ 50 ಮಿಲಿಮೀಟರ್ ಮಸೂರ ಆ ಒಂದು ಡಿಗ್ರಿಯನ್ನು ಫಿಲ್ಮಿನ ಮೇಲೆ 0.87 ಮಿಲಿಮೀಟರ್ ಅಗಲಕ್ಕೆ ಇಳಿಸುತ್ತದೆ. ಪುರಾಣ, ಪಂಚಾಂಗ, ಮಳೆ, ಮಾಸಗಳನ್ನೆಲ್ಲ ಹೊತ್ತ ಕೃತ್ತಿಕೆ ನೆಗೆಟಿವ್‌ನಲ್ಲಿ ಒಂದು ಸಾಸಿವೆ ಕಾಳಿನಷ್ಟು. 200 ಮಿಲಿಮೀಟರ್ ಮಸೂರದಲ್ಲಿ ಅದು ಮೂರೂವರೆ ಮಿಲಿಮೀಟರ್ ಆಗುತ್ತದೆ. ಕ್ಯಾಮೆರಾವನ್ನು ತಿರುಗಿಸದೆ 50 ಮಿಲಿಮೀಟರ್ ಮಸೂರದಲ್ಲಿ 20 ಸೆಕೆಂಡು ತೆರೆದಿಟ್ಟರೆ ಪ್ರತಿ ತಾರೆಯೂ 0.07 ಮಿಲಿಮೀಟರ್‌ನಷ್ಟು ಗೀಟಾಗುತ್ತದೆ. ಎಂಟು ಪಟ್ಟು ಹಿಗ್ಗಿಸಿದ ಪ್ರಿಂಟಿನಲ್ಲಿ ಅದು ಅರ್ಧ ಮಿಲಿಮೀಟರ್. ಈ ಅಂಕಿಗಳನ್ನು ಅರಿತ ವಿಮರ್ಶಕ ಚಿತ್ರದೊಳಗಿನ ಗೀಟಿನ ಉದ್ದದಿಂದಲೇ ಅದರ ಅವಧಿಯನ್ನೂ ಸಾಧನದ ನಿಖರತೆಯನ್ನೂ ಲೆಕ್ಕ ಹಾಕಬಲ್ಲ.

ಎರಡನೆಯದು ಕಾಲದ ಮಾತು. ಹಗಲಿನಲ್ಲಿ ಬೆಳಕು ಅರ್ಧವಾದರೆ ಸಮಯವನ್ನು ಎರಡರಷ್ಟು ಮಾಡಿ ಸರಿದೂಗಿಸಬಹುದು. ತಾರೆಯ ಬೆಳಕಿನಲ್ಲಿ ಈ ನಿಯಮ ಮುರಿಯುತ್ತದೆ. ಫಿಲ್ಮಿನಲ್ಲಿರುವ ಬೆಳ್ಳಿಯ ಲವಣದ ಹರಳು ಚಿತ್ರದ ಬೀಜವನ್ನು ಹಿಡಿದಿಡಬೇಕಾದರೆ ಕೆಲವು ಬೆಳಕಿನ ಕಣಗಳು ಅದಕ್ಕೆ ಬೇಗ ಬೇಗ ತಾಗಬೇಕು. ಒಂದು ಕಣ ಬಂದು ಮತ್ತೊಂದು ತಡವಾದರೆ ಮೊದಲನೆಯದರ ಗುರುತು ಅಳಿದುಹೋಗುತ್ತದೆ. ಜರ್ಮನಿಯ ಕಾರ್ಲ್ ಶ್ವಾರ್ತ್ಸ್‌ಶಿಲ್ಡ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ನಷ್ಟವನ್ನು ಅಳೆದು ಸೂತ್ರಕ್ಕೆ ತಂದರು. ಹವ್ಯಾಸಿಗಳು ಇದನ್ನು ತಗ್ಗಿಸಲು ಫಿಲ್ಮನ್ನು ಜಲಜನಕ ಬೆರೆತ ಅನಿಲದಲ್ಲಿ ಬೆಚ್ಚಗೆ ನೆನೆಯಿಟ್ಟರು. ಕೊಡ್ಯಾಕ್ ಸಂಸ್ಥೆಯ ಟೆಕ್ನಿಕಲ್ ಪ್ಯಾನ್ ಎಂಬ ಕಪ್ಪುಬಿಳುಪು ಫಿಲ್ಮು ಹೀಗೆ ಸಂಸ್ಕರಿಸಿದಾಗ ಉತ್ತಮ ಫಲ ಕೊಡುತ್ತಿದ್ದುದರಿಂದ ಜಗತ್ತಿನಾದ್ಯಂತ ಅದು ಪ್ರಿಯವಾಗಿತ್ತು. ಅದರ ತಯಾರಿಕೆ 2004ರಲ್ಲಿ ನಿಂತಿತು. ನಮಗೆ ಹತ್ತಿರದಲ್ಲಿ, ಉದಕಮಂಡಲದಲ್ಲಿ, 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಉದ್ಯಮ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ತನ್ನ ಫಿಲ್ಮಿಗೆ ‘ಇಂದು’ ಎಂದು ಹೆಸರಿಟ್ಟಿತ್ತು. ಚಂದ್ರನ ಹೆಸರಿನ ಆ ಫಿಲ್ಮೂ ಈಗ ತಯಾರಾಗುತ್ತಿಲ್ಲ.

ಮೂರನೆಯದು ಸಂಸ್ಕರಣೆಯ ಮಾತು. ತಾರೆಗಳ ಫಿಲ್ಮು ತೊಳೆದು ಬಂದಾಗ ನೋಡಲು ಖಾಲಿಯಾಗಿ ತೋರುತ್ತದೆ. ಚೌಕಟ್ಟಿನ ಅಂಚು ಯಾವುದೆಂದು ತಿಳಿಯದೆ ಕಲರ್ ಲ್ಯಾಬುಗಳ ಯಂತ್ರಗಳು ಗುಚ್ಛದ ನಡುವೆಯೇ ಕತ್ತರಿಸಿಬಿಡುವುದುಂಟು. ಖಾಲಿಯೆಂದು ಭಾವಿಸಿ ಪ್ರಿಂಟು ಹಾಕದೆ ಹಿಂದಿರುಗಿಸುವುದೂ ಉಂಟು. ಇದನ್ನು ತಪ್ಪಿಸಲು ಸುರುಳಿಯ ಮೊದಲ ಚಿತ್ರವಾಗಿ ಹಗಲಿನ ದೃಶ್ಯವೊಂದನ್ನು ತೆಗೆಯುವ ರೂಢಿ ಹವ್ಯಾಸಿಗಳಲ್ಲಿ ಬೆಳೆಯಿತು. ಮನೆಯ ಗೋಡೆಯೋ ಅಂಗಳದ ತೆಂಗಿನ ಮರವೋ ಇರುವ ಆ ಮೊದಲ ಚೌಕಟ್ಟು ಕಲಾಪ್ರದರ್ಶನಕ್ಕೆ ಅಪ್ರಸ್ತುತ. ದಾಖಲೆಯ ದೃಷ್ಟಿಯಿಂದ ಅದೇ ಅತ್ಯಮೂಲ್ಯ. ಸುರುಳಿಯ ಉಳಿದ ಮೂವತ್ತೈದು ಕತ್ತಲೆಗಳು ಯಾವ ಊರಿನವು ಎಂಬುದಕ್ಕೆ ಅದು ಸಾಕ್ಷಿ.

5

ಚಿತ್ರ ಹೇಳುವುದೆಲ್ಲ ಸತ್ಯವೇ ಎಂಬ ಪ್ರಶ್ನೆಯನ್ನು ವಿಮರ್ಶೆ ಎತ್ತಲೇಬೇಕು. ಹವ್ಯಾಸಿಗಳ ಪರಂಪರೆಯಲ್ಲಿ ಅತ್ಯಂತ ಪ್ರಸಿದ್ಧವಾದ ಕೃತ್ತಿಕೆಯ ಚಿತ್ರ ಐಸಾಕ್ ರಾಬರ್ಟ್ಸ್ ಅವರದು. ವೃತ್ತಿಯಿಂದ ಕಟ್ಟಡ ನಿರ್ಮಾಪಕರಾಗಿದ್ದ ಅವರು 1886ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಳಿ ಸುಮಾರು ಮೂರು ಗಂಟೆಗಳ ಎಕ್ಸ್‌ಪೋಷರ್‌ನಿಂದ ಕೃತ್ತಿಕೆಯನ್ನು ಸುತ್ತುವರಿದ ಮೋಡವನ್ನು ಗಾಜಿನ ಫಲಕದ ಮೇಲೆ ತೋರಿಸಿದರು. ಅದರ ಹಿಂದಿನ ವರ್ಷ ಪ್ಯಾರಿಸ್ಸಿನ ಹೆನ್ರಿ ಸಹೋದರರು ಮಾಯಾ ಎಂಬ ತಾರೆಯ ಬಳಿ ಇಂತಹ ಮೋಡವನ್ನು ಫಲಕದ ಮೂಲಕವೇ ಕಂಡುಹಿಡಿದಿದ್ದರು. ಕಣ್ಣಿಗೆ ಕಾಣದುದನ್ನು ಫಲಕ ಕಂಡ ಆ ಗಳಿಗೆ ಖಗೋಳ ಛಾಯಾಗ್ರಹಣದ ಇತಿಹಾಸದಲ್ಲಿ ನಿರ್ಣಾಯಕವಾದುದು.

ಆದರೆ ಆ ಚಿತ್ರವನ್ನು ನೋಡಿದವರು ಮೋಡದಿಂದಲೇ ತಾರೆಗಳು ಹುಟ್ಟಿವೆ, ಉಳಿದ ಪುಡಿ ಸುತ್ತ ಅಂಟಿಕೊಂಡಿದೆ ಎಂದು ಬಹುಕಾಲ ಭಾವಿಸಿದರು. ಚಿತ್ರ ಹಾಗೆ ಭಾವಿಸುವಂತೆಯೇ ಇದೆ. 1912ರಲ್ಲಿ ಅಮೆರಿಕದ ವಿ.ಎಂ. ಸ್ಲೈಫರ್ ಆ ಮೋಡದ ಬೆಳಕನ್ನು ರೋಹಿತವಾಗಿ ಬಿಡಿಸಿ, ಅದು ತಾರೆಗಳ ಬೆಳಕನ್ನೇ ಪ್ರತಿಫಲಿಸುತ್ತಿದೆ ಎಂದು ತೋರಿಸಿದರು. ಗುಚ್ಛ ತನ್ನ ದಾರಿಯಲ್ಲಿ ತನಗೆ ಸಂಬಂಧವಿಲ್ಲದ ಧೂಳಿನ ಮೋಡವೊಂದನ್ನು ಹಾದುಹೋಗುತ್ತಿದೆ ಎಂಬುದು ಇಂದಿನ ತಿಳಿವಳಿಕೆ. ರೋಹಿಣಿಯ ಚಿತ್ರವೂ ಇಂತಹ ಭ್ರಮೆಯನ್ನು ಉಂಟುಮಾಡುತ್ತದೆ. ಅಲ್ಲಿನ ಗುಚ್ಛ ನಮ್ಮಿಂದ ಸುಮಾರು 150 ಜ್ಯೋತಿರ್ವರ್ಷ ದೂರದಲ್ಲಿದೆ. ಚಿತ್ರದಲ್ಲಿ ಅದರ ಒಡತಿಯಂತೆ ಹೊಳೆಯುವ ಕೆಂಪು ರೋಹಿಣಿ ಇರುವುದು 65 ಜ್ಯೋತಿರ್ವರ್ಷ ದೂರದಲ್ಲಿ. ಅವಳು ಆ ಕುಟುಂಬದವಳೇ ಅಲ್ಲ. ಫಿಲ್ಮಿಗೆ ಆಳವಿಲ್ಲ. ಹತ್ತಿರ ದೂರಗಳನ್ನು ಒಂದೇ ತಳದಲ್ಲಿ ಒತ್ತಿ ಅದು ಸಂಬಂಧಗಳನ್ನು ಸೂಚಿಸುತ್ತದೆ. ಅವುಗಳಲ್ಲಿ ಯಾವುದು ನಿಜ, ಯಾವುದು ತೋರಿಕೆ ಎಂಬುದನ್ನು ಚಿತ್ರದ ಹೊರಗಿನ ಜ್ಞಾನ ನಿರ್ಧರಿಸಬೇಕು.

ಚಿತ್ರದ ಕಾಲದ ಬಗೆಗೂ ಇದೇ ಎಚ್ಚರ ಅಗತ್ಯ. ಮೆಸ್ಸಿಯೆ 7ರ ದೂರ 900ರಿಂದ 1000 ಜ್ಯೋತಿರ್ವರ್ಷ. ಇಂದು ಮಳವಳ್ಳಿಯಲ್ಲಿ ಅದರ ಚಿತ್ರ ತೆಗೆದರೆ ಫಿಲ್ಮಿಗೆ ತಾಗುವುದು ಗಂಗವಾಡಿ ಚೋಳರ ವಶದಲ್ಲಿದ್ದು ಹೊಯ್ಸಳರ ಕೈಗೆ ದಾಟುತ್ತಿದ್ದ ಕಾಲದ ಬೆಳಕು. ಇಂತಹ ಮಾತು ಜನಪ್ರಿಯ ಬರಹಗಳಲ್ಲಿ ರೋಮಾಂಚನಕ್ಕಾಗಿ ಬಳಕೆಯಾಗುತ್ತದೆ. ವಿಮರ್ಶೆಗೆ ಮುಖ್ಯವಾದುದು ಬೇರೆ: ಆ ನೆಗೆಟಿವ್‌ನಲ್ಲಿ ಎರಡು ಕಾಲಗಳಿವೆ. ತಾರೆಗಳ ಬೆಳಕು ಹಳೆಯದು; ಅವುಗಳ ಹಿಂದಿನ ಮಸುಕು, ಅಂದರೆ ಊರಿನ ಆಕಾಶದ ಬೆಳಕು, ಆ ರಾತ್ರಿಯದು. ಮೊದಲನೆಯದನ್ನು ಜಗತ್ತಿನ ಯಾವ ಮೂಲೆಯಲ್ಲಾದರೂ ಮತ್ತೆ ತೆಗೆಯಬಹುದು. ಎರಡನೆಯದನ್ನು ಮತ್ತೆ ತೆಗೆಯಲಾಗದು.

6

ಇಲ್ಲಿಗೆ ಶಾಸನದ ಹೋಲಿಕೆಯನ್ನು ಕೈಗೆತ್ತಿಕೊಳ್ಳಬಹುದು. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಕರ್ನಾಟಕದ ವಿದ್ವಾಂಸರೆಲ್ಲರಿಗೂ ಪರಿಚಿತ. ಶಕ 872, ಸೌಮ್ಯ ಸಂವತ್ಸರದ, ಅಂದರೆ ಕ್ರಿ.ಶ. 949–50ರ ಆ ಕಲ್ಲು ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಮತ್ತು ಗಂಗರ ಬೂತುಗರ ಕಾಲದ ತಕ್ಕೋಲದ ಯುದ್ಧವನ್ನೂ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪನ್ನೂ ಒಟ್ಟಿಗೆ ದಾಖಲಿಸುತ್ತದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟ (1894) ಮಂಡ್ಯ, ಮಳವಳ್ಳಿ ಭಾಗಗಳ ಇಂತಹ ನೂರಾರು ಕಲ್ಲುಗಳನ್ನು ಓದಿಗೆ ತಂದಿತು. ಆ ಕಲ್ಲುಗಳಿಗೆ ನಾವು ಬೆಲೆ ಕೊಡುವುದು ಅವುಗಳ ಶಿಲ್ಪ ಬೇಲೂರಿಗೆ ಸಮವೆಂದಲ್ಲ, ಅವುಗಳಲ್ಲಿನ ಸುದ್ದಿ ಸಾಮ್ರಾಜ್ಯದ ಇತಿಹಾಸವನ್ನು ಬದಲಿಸುತ್ತದೆಂದೂ ಅಲ್ಲ. ಇಂಥ ಕಾಲ, ಇಂಥ ಸ್ಥಳ, ಇಂಥ ಸಂಗತಿ ಎಂದು ಅವು ನಿಂತ ನೆಲದಲ್ಲಿ ಹೇಳುತ್ತವೆ ಎಂಬುದಕ್ಕೆ.

ಶಾಸನ ಸಂಪಾದನೆಯ ಶಿಸ್ತು ನೆಗೆಟಿವ್ ಓದಿಗೆ ಮೂರು ಪಾಠಗಳನ್ನು ಕೊಡುತ್ತದೆ. ಮೊದಲನೆಯದು, ಮೂಲಕ್ಕೂ ಪ್ರತಿಗೂ ಇರುವ ಭೇದ. ಕಲ್ಲು ಮೂಲ, ಕಾಗದದ ಮೇಲೆ ತೆಗೆದ ಅಚ್ಚು ಪ್ರತಿ. ಹಾಗೆಯೇ ನೆಗೆಟಿವ್ ಮೂಲ. ಪ್ರಿಂಟು ಅದರ ಒಂದು ಪಾಠ ಮಾತ್ರ. ಪ್ರಿಂಟಿನಲ್ಲಿ ಹಿನ್ನೆಲೆಯನ್ನು ಕಡುಗಪ್ಪಾಗಿಸಿ ತಾರೆಗಳನ್ನು ಎದ್ದುಕಾಣಿಸುವುದು ಸುಲಭ, ಸಭಾಂಗಣ ಮೆಚ್ಚುವುದೂ ಅದನ್ನೇ. ಆದರೆ ಆ ಕಪ್ಪಿನಲ್ಲಿ ಊರಿನ ಆಕಾಶದ ನಿಜವಾದ ಮಸುಕು ಅಳಿಸಿಹೋಗುತ್ತದೆ. ಎರಡನೆಯದು, ತ್ರುಟಿತ ಭಾಗವನ್ನು ತ್ರುಟಿತವೆಂದೇ ತೋರಿಸುವ ಪ್ರಾಮಾಣಿಕತೆ. ಗೀಟಾದ ತಾರೆ, ಇಬ್ಬನಿಯ ಬಳೆ, ಗೀರು, ಧೂಳು ಇವನ್ನು ತಿದ್ದದೆ ಟಿಪ್ಪಣಿಯಲ್ಲಿ ಗುರುತಿಸಬೇಕು. ವನ್ಯಜೀವಿ ಛಾಯಾಗ್ರಹಣದಲ್ಲಿ ಪ್ರಕೃತಿಯ ಸತ್ಯವನ್ನು ತಿರುಚಬಾರದೆಂಬ ನಿಯಮ ಮೊದಲಿನಿಂದಲೂ ಇದೆ. ಅದನ್ನು ಇಲ್ಲಿಗೂ ವಿಸ್ತರಿಸಬೇಕು. ಮೂರನೆಯದು, ಕಾಲೋಲ್ಲೇಖ. ದಿನಾಂಕವಿಲ್ಲದ ತಾರಾಚಿತ್ರ ಕಾಲವಿಲ್ಲದ ಶಾಸನದಂತೆ, ಅರ್ಧ ಮೂಕ.

ಇದಕ್ಕೆ ಬರಬಹುದಾದ ಮುಖ್ಯ ಆಕ್ಷೇಪ ಡಿಜಿಟಲ್ ತಂತ್ರಜ್ಞಾನದ್ದು. ಫಿಲ್ಮು ತನ್ನ ಮೇಲೆ ಬಿದ್ದ ಬೆಳಕಿನ ಕಣಗಳಲ್ಲಿ ನೂರಕ್ಕೆ ಒಂದೆರಡನ್ನಷ್ಟೇ ಉಳಿಸಿಕೊಳ್ಳುತ್ತದೆ. ಉತ್ತಮ ಡಿಜಿಟಲ್ ಸಂವೇದಕಗಳು ಅರ್ಧಕ್ಕಿಂತ ಹೆಚ್ಚನ್ನು ಉಳಿಸುತ್ತವೆ. ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಿ, ಊರಿನ ಬೆಳಕನ್ನು ಕಳೆದು, ಪಟ್ಟಣದ ನಡುವಿನಿಂದಲೂ ಕೃತ್ತಿಕೆಯ ಮೋಡವನ್ನು ತೋರಿಸಬಹುದು. ತಾಂತ್ರಿಕವಾಗಿ ಫಿಲ್ಮು ಮೇಲೆಂಬ ವಾದ ಭಾವುಕತೆಯಷ್ಟೇ. ಆದರೆ ಇಲ್ಲಿ ಪ್ರಶ್ನೆ ಯಾವುದು ಮೇಲೆಂಬುದಲ್ಲ. ಊರಿನ ಬೆಳಕನ್ನು ಕಳೆಯುವುದೇ ಡಿಜಿಟಲ್ ಕೌಶಲದ ಹೆಗ್ಗಳಿಕೆ. ಊರಿನ ಬೆಳಕನ್ನು ಕಳೆಯಲಾಗದಿರುವುದು ಫಿಲ್ಮಿನ ಮಿತಿ. ಇಂದು ಆ ಮಿತಿಯೇ ಗುಣವಾಗಿದೆ. ಫಿಲ್ಮಿನ ಕಾಲದಲ್ಲಿ ತೆಗೆದ ಚಿತ್ರಗಳು ಮರಳಿ ತೆಗೆಯಲಾಗದ ರಾತ್ರಿಗಳವು. ಆ ರಾತ್ರಿಗಳ ಇತರ ಚಿತ್ರಗಳು ನಮಗಿಲ್ಲ.

7

ಮಂಡ್ಯ ಸೀಮೆಗೆ ಬೆಳಕಿನ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಜಲವಿದ್ಯುದಾಗಾರದಿಂದ 1902ರ ಜೂನ್ ತಿಂಗಳಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಅದರಿಂದಲೇ ಬೆಳಗಿದವು. ಇಂದು ಮದ್ದೂರಿನಿಂದ ಈಶಾನ್ಯಕ್ಕೆ ನೋಡಿದರೆ ಬೆಂಗಳೂರಿನ ಹೊಳಪು ದಿಗಂತದ ಮೇಲೆ ಚಾಚಿಕೊಂಡಿದೆ. ಕೃತ್ತಿಕೆ ಹುಟ್ಟುವ ದಿಕ್ಕು ಅದಕ್ಕೆ ತೀರ ಹತ್ತಿರ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಜಿಲ್ಲೆಯ ನಡುವೆಯೇ ಹಾದುಹೋಗುತ್ತದೆ. ಇಲ್ಲಿಂದ ಹೊರಟ ಬೆಳಕು ಶತಮಾನದ ನಂತರ ಆಕಾಶದ ಮಸುಕಾಗಿ ಮರಳಿದೆ ಎಂದು ಹೇಳಬಹುದು. ಆದರೆ ಇದನ್ನು ವಿಲಾಪವಾಗಿಸುವುದು ನ್ಯಾಯವಲ್ಲ. ಹಳ್ಳಿಯ ಪಾಲಿಗೆ ಕತ್ತಲೆ ಎಂದರೆ ಬಹುಕಾಲ ಸೌಲಭ್ಯದ ಕೊರತೆ, ಓದುವ ಮಕ್ಕಳ ಮತ್ತು ರಾತ್ರಿ ಗದ್ದೆಗೆ ನೀರು ಕಟ್ಟುವವರ ಕಷ್ಟ. ವಿದ್ಯುತ್ ಕಡಿತದ ರಾತ್ರಿ ಛಾಯಾಗ್ರಾಹಕನಿಗೆ ಒದಗಿದ ಅದೃಷ್ಟವಾದರೆ ನೆರೆಮನೆಗೆ ಒದಗಿದ ತೊಂದರೆ. ಎರಡನ್ನೂ ಒಟ್ಟಿಗೆ ಹಿಡಿದಿಟ್ಟುಕೊಂಡಾಗಲೇ ಇಂತಹ ಚಿತ್ರದ ಸಾಮಾಜಿಕ ಓದು ಪೂರ್ಣವಾಗುತ್ತದೆ.

ತಾರಾಗುಚ್ಛದ ನೆಗೆಟಿವ್ ಈ ಬದಲಾವಣೆಯ ಅಳತೆಗೋಲಾಗಬಲ್ಲದು ಎಂಬುದು ಇಲ್ಲಿನ ಪ್ರಮುಖ ವಿಚಾರ. ಕೃತ್ತಿಕೆಯ ತಾರೆಗಳ ಪ್ರಕಾಶ ನಿಖರವಾಗಿ ಅಳೆದಿರುವಂಥದು: ಆಲ್ಸಿಯೋನ್ 2.9, ಅಟ್ಲಾಸ್ 3.6, ಎಲೆಕ್ಟ್ರಾ 3.7, ಮಾಯಾ 3.9 ಹೀಗೆ ಮಂದತೆಯ ಮೆಟ್ಟಿಲುಗಳು ಇಳಿಯುತ್ತ ಹೋಗುತ್ತವೆ. ಯಾವ ನೆಗೆಟಿವ್‌ನಲ್ಲಿ ಎಷ್ಟನೆಯ ಮೆಟ್ಟಿಲಿನ ತಾರೆ ಉಳಿದಿದೆ, ಅದರ ಹಿನ್ನೆಲೆ ಎಷ್ಟು ದಟ್ಟವಾಗಿದೆ ಎಂಬುದನ್ನು ನೋಡಿ, ಮಸೂರ, ಫಿಲ್ಮು ಮತ್ತು ಅವಧಿ ತಿಳಿದಿದ್ದರೆ, ಆ ರಾತ್ರಿ ಆ ಊರಿನ ಆಕಾಶ ಎಷ್ಟು ಕತ್ತಲಾಗಿತ್ತೆಂದು ಅಂದಾಜಿಸಬಹುದು. ಸಂಸ್ಕರಣೆಯಲ್ಲಾದ ಏರುಪೇರನ್ನೂ ಅದೇ ಚೌಕಟ್ಟಿನ ತಾರೆಗಳ ನೆರವಿನಿಂದ ಬಹುಮಟ್ಟಿಗೆ ಸರಿಪಡಿಸಬಹುದು. ಭೂದೃಶ್ಯದ ಚಿತ್ರಕ್ಕೆ ಈ ಅನುಕೂಲವಿಲ್ಲ. ತಾರಾಗುಚ್ಛದ ಚಿತ್ರ ತನ್ನ ಅಳತೆಪಟ್ಟಿಯನ್ನು ತನ್ನೊಳಗೇ ಹೊತ್ತಿದೆ.

ವೃತ್ತಿಪರ ವೀಕ್ಷಣಾಲಯಗಳು ತಮ್ಮ ಫಲಕಗಳನ್ನು ಕಾಪಾಡಿಕೊಂಡಿವೆ. ಕೊಡೈಕೆನಾಲಿನಲ್ಲಿ 1904ರಿಂದ ತೆಗೆದ ಸೂರ್ಯನ ಫಲಕಗಳನ್ನು ಭಾರತೀಯ ಖಭೌತ ಸಂಸ್ಥೆ ಡಿಜಿಟಲ್ ರೂಪಕ್ಕೆ ತಂದಿದೆ. ಇಂದಿನ ಕಲ್ಯಾಣ ಕರ್ನಾಟಕದ ಬಹುಪಾಲು ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಅಲ್ಲಿನ ನಿಜಾಮಿಯಾ ವೀಕ್ಷಣಾಲಯ ಅಂತರರಾಷ್ಟ್ರೀಯ ಆಕಾಶ ನಕ್ಷೆಯ ಯೋಜನೆಗಾಗಿ ತನ್ನ ಪಾಲಿನ ವಲಯಗಳನ್ನು ಫಲಕಗಳ ಮೇಲೆ ತೆಗೆದು, ಅಳೆದು, ಸೂಚಿಯಾಗಿ ಪ್ರಕಟಿಸಿತು. ಹವ್ಯಾಸಿಗಳ ನೆಗೆಟಿವ್‌ಗಳಿಗೆ ಇಂತಹ ಆಶ್ರಯವಿಲ್ಲ. ಅಸಿಟೇಟ್ ಫಿಲ್ಮು ಸೆಕೆ ಮತ್ತು ತೇವದಲ್ಲಿ ಕೊಳೆತು ಹುಳಿ ವಾಸನೆ ಬಿಡುತ್ತದೆ, ಸುಕ್ಕುಗಟ್ಟುತ್ತದೆ. ಅದರ ಜೆಲಾಟಿನ್ ಪದರಕ್ಕೆ ಬೂಷ್ಟು ಹಿಡಿಯುತ್ತದೆ. 1986ರ ಹ್ಯಾಲಿ, 1997ರ ಹೇಲ್–ಬಾಪ್ ಧೂಮಕೇತುಗಳು ಬಂದಾಗ ಕ್ಯಾಮೆರಾ ಹಿಡಿದು ಆಕಾಶಕ್ಕೆ ತಿರುಗಿದ ತಲೆಮಾರಿನ ಫಿಲ್ಮುಗಳಿಗೆ ಈಗ ಮೂವತ್ತು ನಲವತ್ತು ವರ್ಷ. ಶಾಸನದ ಕಲ್ಲು ಸಾವಿರ ವರ್ಷ ಕಾಯಿತು, ಫಿಲ್ಮು ಕಾಯುವುದಿಲ್ಲ.

ಆದ್ದರಿಂದ ಕೆಲವು ಸೂಚನೆಗಳು ಉಚಿತವೆನಿಸುತ್ತವೆ. ಜಿಲ್ಲಾ ಗ್ರಂಥಾಲಯಗಳು, ವಿಶ್ವವಿದ್ಯಾಲಯಗಳ ಪತ್ರಾಗಾರಗಳು ಮತ್ತು ಅಕಾಡೆಮಿಗಳು ಹಸ್ತಪ್ರತಿ ಸಂಗ್ರಹದ ಮಾದರಿಯಲ್ಲಿಯೇ ಹವ್ಯಾಸಿಗಳ ಖಗೋಳ ನೆಗೆಟಿವ್‌ಗಳನ್ನು ಸ್ವೀಕರಿಸುವ ಕ್ರಮವನ್ನು ಆರಂಭಿಸಬೇಕು. ಪ್ರಿಂಟನ್ನು ಮಾತ್ರ ಪಡೆದು ನೆಗೆಟಿವ್ ಬಿಡಬಾರದು. ಸುರುಳಿಯನ್ನು ಇಡಿಯಾಗಿ, ಹಗಲಿನ ಮೊದಲ ಚೌಕಟ್ಟಿನೊಡನೆ, ಲಕೋಟೆಯ ಮೇಲಿನ ಬರಹದೊಡನೆ ಪಡೆಯಬೇಕು. ದಿನಾಂಕ, ತಿಥಿ, ಆರಂಭ ಮತ್ತು ಮುಕ್ತಾಯದ ವೇಳೆ, ಊರು, ಕ್ಯಾಮೆರಾ ತಿರುಗಿದ ದಿಕ್ಕು, ಮಸೂರ, ಫಿಲ್ಮು, ಸಂಸ್ಕರಣೆ, ಆ ರಾತ್ರಿ ಬೀದಿದೀಪಗಳಿದ್ದವೇ ಇಲ್ಲವೇ ಎಂಬ ವಿವರಗಳನ್ನು ತೆಗೆದವರು ಬದುಕಿರುವಾಗಲೇ ಕೇಳಿ ಬರೆದಿಡಬೇಕು. ಸ್ಕ್ಯಾನ್ ಮಾಡುವಾಗ ಹಿನ್ನೆಲೆಯನ್ನು ಕಪ್ಪಾಗಿಸದೆ, ಫಿಲ್ಮಿನ ಬರಿಯ ಅಂಚೂ ಸೇರುವಂತೆ ಮಾಡಬೇಕು; ದಟ್ಟತೆಯ ಅಳತೆಗೆ ಆ ಅಂಚೇ ಆಧಾರ. ವಿಮರ್ಶಕರು ಪ್ರಿಂಟಿನ ಚೆಲುವಿನಿಂದ ನೆಗೆಟಿವ್‌ನ ಸಾಕ್ಷ್ಯದ ಕಡೆಗೆ ತಮ್ಮ ಗಮನವನ್ನು ಹೊರಳಿಸಬೇಕು. ಗೀಟಾಗಿ, ಮಸುಕಾಗಿ, ಸಾಸಿವೆಯಷ್ಟೇ ಆಗಿ ಉಳಿದ ಕೃತ್ತಿಕೆಯೊಂದು ಮಂಡ್ಯದ, ಮದ್ದೂರಿನ ಅಥವಾ ಮಳವಳ್ಳಿಯ ಒಂದು ನಿಶ್ಚಿತ ರಾತ್ರಿಯ ಬಗೆಗೆ ಹೇಳುವುದನ್ನು ಅತ್ಯಂತ ಸುಂದರವಾದ ಚಿತ್ರವೂ ಹೇಳದೆ ಇರಬಹುದು.